ಊರಿಲ್ಲದ ವಿಳಾಸಕ್ಕೆ ಚಟ್ನಿಪುಡಿ

ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಇಬ್ಬರು ಗಂಡುಮಕ್ಕಳು, ಇಬ್ಬರೂ ಸೈನ್ಯದಲ್ಲಿದ್ದಾರೆ. ದೊಡ್ಡವನು 2014ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದ. ಚಿಕ್ಕವನು 2018ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಹೋದ.

ಮೊದಲ ಸಲ ಕಳಿಸುವುದೇ ಕಷ್ಟ ಎಂದು ಜನ ಹೇಳುತ್ತಾರೆ. ನನಗೆ ಕಷ್ಟವಾದದ್ದು ಆಮೇಲಿನ ಸಲಗಳು. ಮೊದಲ ಸಲ ಊರಿನವರೆಲ್ಲ ಹಾರ ಹಾಕಿ ಬಸ್ ಹತ್ತಿಸಿದ್ದರು, ನನಗೂ ಏನೂ ತಿಳಿದಿರಲಿಲ್ಲ. ಮೂರನೆಯ ಸಲದ ಹೊತ್ತಿಗೆ ಬೆಳಗಿನ ಐದರ ಬಸ್ಸಿಗೆ ನಾನು ಮತ್ತು ನಮ್ಮ ಮನೆಯವರು ಇಬ್ಬರೇ ಇದ್ದೆವು. ಅಷ್ಟರಲ್ಲಿ ಏನೇನು ಆಗಬಹುದೆಂದು ನನಗೆ ತಿಳಿದುಹೋಗಿತ್ತು. 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದಡಿ ಆರು ದಿನ ಇದ್ದು ಜೀವಂತವಾಗಿ ಸಿಕ್ಕಾಗ ನಾವೆಲ್ಲ ದೇವರಿಗೆ ದೀಪ ಹಚ್ಚಿದ್ದೆವು. ಮೂರು ದಿನ ಕಳೆದು, 11ನೇ ತಾರೀಕು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂದಿನಿಂದ ಸಿಯಾಚಿನ್ ಎಂಬ ಹೆಸರು ಕೇಳಿದರೆ ನನ್ನ ಎದೆ ಹಿಡಿದಂತಾಗುತ್ತಿತ್ತು.

ಮಕ್ಕಳು ಹೊರಡುವ ದಿನ ರಜೆ ಹಾಕುವುದನ್ನು ನಾನು ಬಿಟ್ಟಿದ್ದು ಹೀಗೆ. ಎರಡನೆಯ ಸಲ ರಜೆ ಹಾಕಿ, ದಿನವಿಡೀ ಅವನ ಹಾಸಿಗೆಯ ಪಕ್ಕ ಕುಳಿತಿದ್ದೆ. ಸಂಜೆಗೆ ಜ್ವರವೇ ಬಂತು. ಮುಂದಿನ ಸಲ ಬಸ್ ನಿಲ್ದಾಣದಿಂದ ನೇರವಾಗಿ ಅಂಗನವಾಡಿಗೆ ಹೋದೆ. ಅಂದು ಮಕ್ಕಳ ತೂಕ ನೋಡುವ ದಿನ. ಒಂದೊಂದೇ ಮಗುವನ್ನು ಎತ್ತಿ ಜೋಲಿಯಲ್ಲಿ ಕೂರಿಸಿ, ಮುಳ್ಳು ನಿಲ್ಲುವವರೆಗೆ ಕಾದು, ಪುಸ್ತಕದಲ್ಲಿ ಬರೆಯಬೇಕು. ಮಗು ಅಲುಗಾಡಿದರೆ ಮುಳ್ಳು ನಿಲ್ಲುವುದಿಲ್ಲ, ನಮ್ಮ ಕೈ ನಡುಗಿದರೂ ನಿಲ್ಲುವುದಿಲ್ಲ. ಹನ್ನೆರಡು ಮಕ್ಕಳ ತೂಕ ಮುಗಿಯುವಷ್ಟರಲ್ಲಿ ಕೈ ನಡುಕ ನಿಂತಿತ್ತು. ಸಂಕಟ ಹೋಗಿರಲಿಲ್ಲ, ಆದರೆ ರಾತ್ರಿಯವರೆಗೆ ಅದನ್ನು ಹೊತ್ತು ನಡೆಯಲು ಆಯಿತು. ಈಗಲೂ ಅದೇ ರೂಢಿ.

2019ರ ಆಗಸ್ಟ್‌ನಲ್ಲಿ ದೊಡ್ಡವನು ಕಾಶ್ಮೀರದಲ್ಲಿದ್ದ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವೆಂದು ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡು ಹೋಗಿದ್ದ. ಜಮ್ಮು-ಕಾಶ್ಮೀರದ ವಿಶೇಷ ಸ್ಥಾನಮಾನ ತೆಗೆದ ಆಗಸ್ಟ್ 5ರಂದು ಅದೂ ನಿಂತುಹೋಯಿತು. ಕಣಿವೆಯಲ್ಲಿ ಪೋಸ್ಟ್‌ಪೇಯ್ಡ್ ಮೊಬೈಲ್ ಮತ್ತೆ ಶುರುವಾದದ್ದು ಅಕ್ಟೋಬರ್ 14ರಂದು. ನನಗೆ ಮೊದಲ ಕರೆ ಬಂದದ್ದು ಹದಿನೇಳನೆಯ ದಿನ, ಘಟಕದ ದೂರವಾಣಿಯಿಂದ, ಒಂದೇ ನಿಮಿಷ. ಆ ಹದಿನೇಳು ದಿನ ನಾನು ಟಿವಿ ಮುಂದೆಯೇ ಇದ್ದೆ. ಆಮೇಲೆ ರಜೆಗೆ ಬಂದಾಗ ಅವನು ಒಂದು ಮಾತು ಹೇಳಿದ: "ಅವ್ವ, ನನಗೆ ಏನಾದರೂ ಆದರೆ ಟಿವಿಯವರಿಗಿಂತ ಮೊದಲು ನಿಮಗೆ ತಿಳಿಸುತ್ತಾರೆ. ಮನೆಗೆ ಯಾರೂ ಬಂದಿಲ್ಲ, ಘಟಕದಿಂದ ಫೋನ್ ಬಂದಿಲ್ಲ ಎಂದರೆ ನಾನು ಕೆಲಸದಲ್ಲಿದ್ದೇನೆ ಎಂದೇ ತಿಳಿದುಕೋ." ಕೇಳಲು ಕಠಿಣ ಮಾತು. ಆದರೆ ನನ್ನನ್ನು ಎತ್ತಿ ನಿಲ್ಲಿಸಿದ್ದು ಅದೇ.

ಇನ್ನು ಪಾರ್ಸೆಲ್ ವಿಷಯ. ಸೈನಿಕರ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ನಂಬರು, ಹುದ್ದೆ, ಹೆಸರು, ಘಟಕ, ಆಮೇಲೆ 56 ಎಪಿಒ ಅಥವಾ 99 ಎಪಿಒ. ಎಪಿಒ ಎಂದರೆ ಸೈನ್ಯದ ಅಂಚೆ ಕಚೇರಿ. 56 ಎಂದರೆ ದೆಹಲಿಯಿಂದ ವಿಂಗಡಣೆಯಾಗಿ ಹೋಗುತ್ತದೆ, 99 ಎಂದರೆ ಕೋಲ್ಕತ್ತದಿಂದ. ಪಿನ್ ಕೋಡ್ 9ರಿಂದ ಶುರುವಾಗುತ್ತದೆ. ಮೊದಲ ಸಲ ಅಂಚೆ ಕಚೇರಿಯಲ್ಲಿ ಹೊಸದಾಗಿ ಬಂದಿದ್ದ ಹುಡುಗ "ಊರು ಬರೆದಿಲ್ಲವಲ್ಲ ಅಮ್ಮ" ಎಂದ. ನನಗೂ ಗೊತ್ತಿಲ್ಲಪ್ಪ ಎಂದೆ. ಹೇಳಿದ ಮೇಲೆ ಕಣ್ಣೀರು ತಡೆಯಲಾಗಲಿಲ್ಲ. ಆ ಹುಡುಗ ಎದ್ದು ಬಂದು ತಾನೇ ಗಂಟನ್ನು ಬಿಗಿ ಮಾಡಿಕೊಟ್ಟ.

ಕಳಿಸುವುದು ಶೇಂಗಾ ಚಟ್ನಿಪುಡಿ. ಇದನ್ನು ಬೇರೆ ತಾಯಂದಿರಿಗೂ ಹೇಳುತ್ತೇನೆ: ಕೊಬ್ಬರಿ ಹಾಕಬೇಡಿ, ದಾರಿಯಲ್ಲಿ ವಾರಗಳಾದರೆ ಕಮಟು ವಾಸನೆ ಬರುತ್ತದೆ. ಬೆಳ್ಳುಳ್ಳಿಯನ್ನು ಹಸಿಯಾಗಿ ಕುಟ್ಟದೆ ನೀರಿನಂಶ ಹೋಗುವಂತೆ ಹುರಿಯಿರಿ. ಪುಡಿ ಪೂರ್ತಿ ಆರಿದ ಮೇಲೆ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ಬಿಳಿ ಬಟ್ಟೆ ಹೊಲಿದು ವಿಳಾಸ ಬರೆಯಿರಿ. ಒಬ್ಬನಿಗೆ ಸಾಕಾಗುವಷ್ಟೇ ಕಳಿಸಬೇಡಿ. ಅದು ಇಡೀ ಬ್ಯಾರಕ್‌ಗೆ ಹಂಚಿಹೋಗುತ್ತದೆ, ಹೋಗಲಿ.

ಒಂದು ತಪ್ಪನ್ನೂ ಹೇಳಬೇಕು. 2021ರಲ್ಲಿ ನಮ್ಮ ಮನೆಯವರಿಗೆ ಎದೆನೋವು ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಚಿಕ್ಕವನು ಆಗ ಅರುಣಾಚಲದಲ್ಲಿದ್ದ. ಫೋನ್ ಮಾಡಿದಾಗಲೆಲ್ಲ "ಅಪ್ಪ ತೋಟಕ್ಕೆ ಹೋಗಿದ್ದಾರೆ" ಎಂದೆ. ತಿಂಗಳ ನಂತರ ಚಿಕ್ಕಪ್ಪನ ಮಗನಿಂದ ಅವನಿಗೆ ತಿಳಿಯಿತು. ಅವನು ಕೂಗಾಡಲಿಲ್ಲ. "ಇನ್ನು ಮುಂದೆ ಎಲ್ಲರೂ ಚೆನ್ನಾಗಿದ್ದೇವೆ ಎಂದು ನೀನು ಹೇಳಿದರೆ ನಾನು ಹೇಗೆ ನಂಬಲಿ?" ಎಂದು ಕೇಳಿದ, ಅಷ್ಟೇ. ಅವನ ನಿದ್ದೆ ಕೆಡಬಾರದೆಂದು ಹೇಳಿದ ಸುಳ್ಳು ಎಷ್ಟೋ ರಾತ್ರಿಗಳ ನಿದ್ದೆ ಕೆಡಿಸಿತು. ಅಂದಿನಿಂದ ಏನಿದ್ದರೂ ಹೇಳುತ್ತೇನೆ. ಏನಾಯಿತು ಎನ್ನುವುದರ ಜೊತೆಗೇ ಏನು ಮಾಡಿದ್ದೇವೆ, ಯಾರು ಜೊತೆಯಲ್ಲಿದ್ದಾರೆ ಎಂಬುದನ್ನೂ ಹೇಳುತ್ತೇನೆ. ಸಕ್ಕರೆ ಏರಿದೆ, ಮಾತ್ರೆ ಬದಲಿಸಿದ್ದಾರೆ, ಮಾವ ಮನೆಯಲ್ಲೇ ಇದ್ದಾರೆ. ಹೀಗೆ. ಯಾವಾಗ ಬರುತ್ತೀಯ ಎಂದು ಮಾತ್ರ ಕೇಳುವುದಿಲ್ಲ. ಅದು ಅವರ ಕೈಯಲ್ಲಿಲ್ಲ, ಕೇಳಿದರೆ ಆ ಕಡೆ ಮೌನವಾಗುತ್ತದೆ.

2022ರಲ್ಲಿ ಅದೇ ಚಿಕ್ಕವನು "ಗ್ಲೇಸಿಯರ್‌ಗೆ ಹೋಗುತ್ತಿದ್ದೇವೆ" ಎಂದ. ಸಿಯಾಚಿನ್ ಎಂಬ ಹೆಸರನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಲ್ಲಿಂದ ಬರುತ್ತಿದ್ದದ್ದು ಉಪಗ್ರಹ ಫೋನಿನ ಕರೆ. ಮಾತು ತಡವಾಗಿ ಕೇಳಿಸುತ್ತದೆ. ನಾನು "ಊಟ ಆಯಿತಾ" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಮತ್ತೆ ಕೇಳುತ್ತಿದ್ದೆ. ಆ ಕಡೆಯಿಂದ ಮೊದಲ ಪ್ರಶ್ನೆಯ ಉತ್ತರ ಬರುತ್ತಿತ್ತು, ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಇರುವ ಎರಡು ನಿಮಿಷ ಅದರಲ್ಲೇ ಮುಗಿಯುತ್ತಿತ್ತು. ಆಮೇಲೆ ಕಲಿತೆ: ಒಂದು ಮಾತು ಹೇಳಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿ ಸುಮ್ಮನಿರಬೇಕು. ಎಣಿಸುವಾಗ ಅವನ ಉಸಿರು ಕೇಳಿಸುತ್ತಿತ್ತು.

ಆ ಸೆಪ್ಟೆಂಬರ್‌ನಲ್ಲೇ ನಮ್ಮ ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) ಕೋಡಿ ಬಿದ್ದದ್ದು. 1933ರ ನಂತರ ಮೊದಲ ಸಲ. ಊರಿಗೆ ಊರೇ ನೋಡಲು ಹೋಯಿತು. ನನ್ನಲ್ಲಿ ಮಕ್ಕಳಿಬ್ಬರ ಹೆಸರಿನಲ್ಲೂ ಒಂದೊಂದು ನೋಟ್‌ಬುಕ್ ಇದೆ, ಊರಿನಲ್ಲಿ ನಡೆದದ್ದನ್ನೆಲ್ಲ ಬರೆದಿಡುತ್ತೇನೆ. ಯಾರ ಮದುವೆ, ಯಾವ ಬೋರ್‌ವೆಲ್‌ಗೆ ನೀರು ಬಂತು, ಯಾವ ಹಸು ಕರು ಹಾಕಿತು. ಕೋಡಿಯ ಬಗ್ಗೆ ನಾಲ್ಕು ಪುಟ ಬರೆದೆ. ಕೆಳಗಿಳಿದು ರಜೆಗೆ ಬಂದಾಗ ಚಿಕ್ಕವನು ಊಟ ಬಿಟ್ಟು ಮೊದಲು ಅದನ್ನೇ ಓದಿದ. ಫೋನಿನಲ್ಲಿ ಹಿಡಿಯದ ಮಾತುಗಳಿಗೆ ಈ ನೋಟ್‌ಬುಕ್ ಬಹಳ ಉಪಕಾರ ಮಾಡಿದೆ.

ಪಾಕಿಸ್ತಾನದ ಜೊತೆ ಸಂಘರ್ಷ ಶುರುವಾದ 2025ರ ಮೇ 7ರಂದು ದೊಡ್ಡವನು ರಜೆಯಲ್ಲಿ ಮನೆಯಲ್ಲೇ ಇದ್ದ. ಸಂಜೆ ಕರೆ ಬಂತು, ರಾತ್ರಿಯೇ ಹೊರಟ. ಚಿಕ್ಕವನು ಆಗಲೇ ರಾಜಸ್ಥಾನದ ಗಡಿಯ ಕಡೆ ಇದ್ದ. ಇಬ್ಬರೂ ಒಟ್ಟಿಗೆ ಗಡಿಯಲ್ಲಿದ್ದದ್ದು ಅದೇ ಮೊದಲು. ನಮ್ಮ ಮನೆಯವರು ರಾತ್ರಿಯಿಡೀ ಟಿವಿ ನೋಡಿದರು. ಸೈರನ್ನು, ಕೂಗಾಟ, ಆ ಊರು ಬಿತ್ತು ಈ ಊರು ಬಿತ್ತು ಎನ್ನುವ ಸುದ್ದಿ. ಮರುದಿನ ಅದರಲ್ಲಿ ಎಷ್ಟೋ ಸುಳ್ಳೆಂದು ತಿಳಿಯಿತು. ಗಡಿಯಲ್ಲಿ ಮಕ್ಕಳಿರುವವರ ಎದೆಯ ಮೇಲೆ ಇಂಥ ಸುದ್ದಿ ಎಸೆಯುವವರನ್ನು ನಾನು ಕ್ಷಮಿಸಲಾರೆ. ನಾನು ಟಿವಿಯ ತಂತಿ ಕಿತ್ತು ಬೀರುವಿನಲ್ಲಿಟ್ಟೆ. ಬೆಳಿಗ್ಗೆ ಆಕಾಶವಾಣಿಯ ವಾರ್ತೆ, ಆಮೇಲೆ ಪತ್ರಿಕೆ, ಅಷ್ಟು ಸಾಕು ಎಂದೆ. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ತೋಟಕ್ಕೆ ನೀರು ಹಾಯಿಸಲು ಎದ್ದು ಹೋದರು. 10ನೇ ತಾರೀಕು ಸಂಜೆ ಕದನ ವಿರಾಮವಾಯಿತೆಂದು ಪಕ್ಕದ ಮನೆಯವರು ಓಡಿಬಂದು ಹೇಳಿದರು. ತಂತಿಯನ್ನು ಅಂದೂ ಹೊರಗೆ ತೆಗೆಯಲಿಲ್ಲ. ಇಬ್ಬರ ಕರೆಯೂ ಬಂದ ಮೇಲೆ ತೆಗೆದೆ.

ನೆಂಟರು ಮಕ್ಕಳು ಎಲ್ಲಿದ್ದಾರೆ ಎಂದು ಈಗಲೂ ಕೇಳುತ್ತಾರೆ. ಡ್ಯೂಟಿಯಲ್ಲಿದ್ದಾರೆ ಎನ್ನುತ್ತೇನೆ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಅವರ ಫೋಟೊ ಹಾಕುವುದಿಲ್ಲ. ಇಬ್ಬರನ್ನೂ ಯಾಕೆ ಕಳಿಸಿದೆ ಎಂದು ಕೇಳುವವರೂ ಇದ್ದಾರೆ. ನಾನು ಕಳಿಸಲಿಲ್ಲ, ಅವರು ಹೋದರು. ನಾನು ತಡೆಯಲಿಲ್ಲ.

ಕಳೆದ ವಾರ ಚಿಕ್ಕವನ ಹೊಸ ವಿಳಾಸ ಬಂತು. ಈ ಸಲ 99. ಶೇಂಗಾ ಹುರಿದು ಸಿಪ್ಪೆ ತೆಗೆದಿಟ್ಟಿದ್ದೇನೆ. ನಮ್ಮ ಮನೆಯವರು ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ.