ಆರನೇ ಸುತ್ತಿನ ಶೂ ಲೇಸು

ಜೋರು ಓಟದ ದಿನ ನನ್ನ ಶೂ ಲೇಸು ಯಾವಾಗಲೂ ಆರನೇ ಸುತ್ತಿನ ಹೊತ್ತಿಗೇ ಸಡಿಲವಾಗುತ್ತಿತ್ತು. ಹಾಗಂತ ನಾನು ಅಂದುಕೊಳ್ಳುತ್ತಿದ್ದೆ. ಬಗ್ಗಿ ನೋಡಿದರೆ ಗಂಟು ಗಟ್ಟಿಯಾಗೇ ಇರುತ್ತಿತ್ತು. ಆದರೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಒಂದು ನಿಮಿಷ ಜಾಸ್ತಿ ಸಿಗುತ್ತಿತ್ತು ಅಲ್ವಾ! ಕುಣಿಯಲಾರದವಳಿಗೆ ನೆಲ ಡೊಂಕು, ನನಗೆ ಲೇಸು.

ವಾರಕ್ಕೊಮ್ಮೆ ಮಾಡುವ ಈ ಓಟದ ಲೆಕ್ಕ ಇಷ್ಟೇ: 400 ಮೀಟರ್ ಜೋರಾಗಿ ಓಡಬೇಕು, 90 ಸೆಕೆಂಡ್ ನಡೆಯಬೇಕು. ಹೀಗೆ ಎಂಟು ಸಲ. ಮೊದಲ ಎರಡು ಸುತ್ತು ನೀರು ಕುಡಿದಷ್ಟು ಸಲೀಸು. ಮೂರು, ನಾಲ್ಕು ಪರವಾಗಿಲ್ಲ. ಐದರಲ್ಲಿ ತೊಡೆ ಕಲ್ಲಾಗುತ್ತದೆ. ಆರಕ್ಕೆ ಮುಂಚಿನ ನಡಿಗೆಯಲ್ಲಿ ತಲೆಯೊಳಗೆ ಒಬ್ಬ ವಕೀಲ ಎದ್ದು ನಿಲ್ಲುತ್ತಾನೆ. 'ನಿನ್ನೆ ನಿದ್ದೆ ಸರಿಯಾಗಿಲ್ಲ. ಐದು ಮಾಡಿದ್ದೀಯಲ್ಲ, ಅದೇನು ಕಮ್ಮಿಯಾ? ಉಳಿದದ್ದು ಮುಂದಿನ ವಾರ.' ಮಾತಿನಲ್ಲಿ ಅವನನ್ನು ಗೆಲ್ಲೋಕೆ ನನ್ನಿಂದ ಯಾವತ್ತೂ ಆಗಿಲ್ಲ.

ಒಂದು ದಿನ ಸುಮ್ನೆ ಹಳೆಯ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ಹತ್ತು ವಾರಗಳಲ್ಲಿ ಆರು ಸಲ ಅರ್ಧಕ್ಕೇ ಬಿಟ್ಟಿದ್ದೆ. ಆರೂ ಸಲ ನಿಂತದ್ದು ಐದರ ನಂತರ ಅಥವಾ ಆರರ ನಡುವೆ. ಮೂರರಲ್ಲಿ ಒಮ್ಮೆಯೂ ಇಲ್ಲ, ಏಳರಲ್ಲಿ ಒಮ್ಮೆಯೂ ಇಲ್ಲ. ಇನ್ನೊಂದು ತಮಾಷೆ ನೋಡಿ: ಪೂರ್ತಿ ಮಾಡಿದ ದಿನಗಳಲ್ಲಿ ಎಂಟನೇ ಸುತ್ತು ಆರನೆಯದಕ್ಕಿಂತ ಬೇಗ ಮುಗಿದಿತ್ತು. ಕಾಲು ನಿಜಕ್ಕೂ ಖಾಲಿಯಾಗಿದ್ದರೆ ಎಂಟರಲ್ಲಿ ಆ ಓಟ ಎಲ್ಲಿಂದ ಬಂತು?

ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ ಎಂಬ ವಿಜ್ಞಾನಿ ಇದನ್ನೇ ಹಿಡಿದು ವಾದ ಮಾಡಿದವರು. ದೇಹಕ್ಕೆ ಅಪಾಯ ಆಗುವ ಮುಂಚೆಯೇ ಮೆದುಳು ಬ್ರೇಕ್ ಹಾಕುತ್ತದೆ, ಸುಸ್ತು ಅನ್ನುವುದು ಮೆದುಳು ಕಟ್ಟುವ ಒಂದು ಭಾವನೆ ಅನ್ನುತ್ತಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ನನ್ನ ನೋಟ್‌ಬುಕ್ ಮಾತ್ರ ಅವರ ಕಡೆಗೇ ಇತ್ತು.

ಹಾಗಾದರೆ ಎಂಟು ಸುತ್ತಿಗೂ ಹುಮ್ಮಸ್ಸು ತರುವ ಅಗತ್ಯವೇ ಇಲ್ಲ, ಆರನೆಯದನ್ನು ದಾಟಿಸಿದರೆ ಸಾಕು. ಅಲ್ಲಿಯವರೆಗೆ ನಾನು ಮಾಡುತ್ತಿದ್ದದ್ದು ಬೇರೆ. ಓಟಕ್ಕೆ ಮುಂಚೆ ಉತ್ಸಾಹ ತುಂಬುವ ವಿಡಿಯೊ ನೋಡುತ್ತಿದ್ದೆ. ಆ ಬಿಸಿ ಎರಡನೇ ಸುತ್ತಿಗೇ ಆರಿಹೋಗುತ್ತಿತ್ತು. ಕಿವಿಗೆ ಹಾಡು ಹಾಕಿಕೊಂಡೆ. ನಿಧಾನದ ಓಟಕ್ಕೆ ಅದು ಚೆನ್ನಾಗಿದೆ, ಈಗಲೂ ಕೇಳುತ್ತೇನೆ. ಉಸಿರು ಕಟ್ಟುವಷ್ಟು ಜೋರಾಗಿ ಓಡುವಾಗ ಹಾಡು ಯಾರಿಗೆ ಕೇಳಿಸುತ್ತದೆ? ದೇಹದ ಕೂಗೇ ದೊಡ್ಡದು.

ಮೊದಲು ಬದಲಾಯಿಸಿದ್ದು ಒಂದು ನಿಯಮ. ನಡೆಯುವ 90 ಸೆಕೆಂಡಿನಲ್ಲಿ ಬಿಡುವ ತೀರ್ಮಾನ ಮಾಡುವಂತಿಲ್ಲ. ಬಿಡಲೇಬೇಕೆಂದಿದ್ದರೆ ಮುಂದಿನ ಸುತ್ತು ಶುರು ಮಾಡಿ, 200 ಮೀಟರ್ ಗುರುತಿನ ಹತ್ತಿರ ನಿಲ್ಲಬಹುದು. ಯಾರೂ ಬೈಯಲ್ಲ. ವಕೀಲನ ಜೋರೆಲ್ಲ ನಡಿಗೆಯಲ್ಲೇ. ಓಡಲು ಶುರುವಾದ ಮೇಲೆ ಅವನ ದನಿ ಅರ್ಧಕ್ಕೆ ಇಳಿಯುತ್ತದೆ. 200ರ ಗುರುತು ಬಂದಾಗ ಇನ್ನರ್ಧ ತಾನೇ ಅನ್ನಿಸುತ್ತದೆ. ಈ ನಿಯಮ ಬಂದ ಮೇಲೆ ಆ ಗುರುತಿನಲ್ಲಿ ನಾನು ನಿಂತದ್ದು ಎರಡೇ ಸಲ.

ಎರಡನೆಯದು, ಉತ್ತರವನ್ನು ಮನೆಯಲ್ಲೇ ಬರೆದುಕೊಂಡು ಹೋಗುವುದು. 'ಹೀಗಾದರೆ ಹೀಗೆ ಮಾಡುತ್ತೇನೆ' ಅಂತ ಮುಂಚೆಯೇ ಜೋಡಿಸಿಕೊಂಡರೆ ಮಾಡುವ ಸಾಧ್ಯತೆ ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದರು. ನನ್ನ ಚೀಟಿಯಲ್ಲಿ ಇದ್ದದ್ದು: 'ವಕೀಲ ಬಾಯಿ ತೆರೆದರೆ, ಮುಷ್ಟಿ ನೋಡು.' ಅಷ್ಟೇ.

ಮುಷ್ಟಿ ಯಾಕೆ ಅಂದರೆ, ಒಮ್ಮೆ ಆರನೇ ಸುತ್ತು ಮುಗಿಸಿ ಅಂಗೈ ನೋಡಿಕೊಂಡೆ. ನಾಲ್ಕು ಉಗುರಿನ ಗುರುತು ಸಾಲಾಗಿ ಕೆಂಪಗೆ ಮೂಡಿತ್ತು. ಕಾಲಿನಲ್ಲಿ ಓಡುವವನು ಕೈಯನ್ನು ಇಷ್ಟು ಹಿಂಡುತ್ತಿದ್ದೆನಾ ಅಂತ ನಗು ಬಂತು. ಆಮೇಲೆ ಗಮನಿಸಿದರೆ ಭುಜ ಕಿವಿಯ ಹತ್ತಿರ ಏರಿರುತ್ತಿತ್ತು, ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಈಗ ತಿರುವು ಬಂದ ಕೂಡಲೇ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಹಗುರವಾಗಿ ಇಡುತ್ತೇನೆ, ಕೈಯಲ್ಲಿ ಒಣ ಎಲೆ ಹಿಡಿದ ಹಾಗೆ. ಭುಜ ಇಳಿಯುತ್ತದೆ, ದವಡೆ ಸಡಿಲವಾಗುತ್ತದೆ. ನೋವು ಹೋಗಲ್ಲ. ಆದರೆ ನೋವಿನ ಬದಲು ಮಾಡೋಕೆ ಒಂದು ಕೆಲಸ ಸಿಗುತ್ತದೆ. ಮಾರ್ಗನ್ ಮತ್ತು ಪೊಲಾಕ್ ಎಂಬಿಬ್ಬರು ಸಂಶೋಧಕರು 1977ರಲ್ಲಿ ಅಗ್ರ ಮಟ್ಟದ ಮ್ಯಾರಥಾನ್ ಓಟಗಾರರನ್ನು ಮಾತಾಡಿಸಿದಾಗಲೂ ಇದೇ ಕಂಡಿತ್ತು. ಮನಸ್ಸನ್ನು ಬೇರೆಡೆ ಓಡಿಸುವ ಬದಲು ಅವರು ತಮ್ಮ ಉಸಿರು, ಕಾಲು, ವೇಗವನ್ನೇ ಗಮನಿಸುತ್ತಿದ್ದರು.

ಮಾತಾಡುವಾಗ 'ನನಗಾಗುತ್ತದೆ' ಅನ್ನಲ್ಲ, 'ನಿನಗಾಗುತ್ತೆ ಕಣೋ, ಕಂಬದವರೆಗೆ ಬಾ' ಅನ್ನುತ್ತೇನೆ. ಪಕ್ಕದಲ್ಲಿ ಗೆಳೆಯ ಓಡುತ್ತಿರುವ ಹಾಗೆ. ನನಗೆ ನಾನೇ ಬೈದುಕೊಳ್ಳುವಷ್ಟು ಒರಟಾಗಿ ಗೆಳೆಯನಿಗೆ ಬೈಯೋಕೆ ಬಾಯಿ ಬರಲ್ಲ.

ಪ್ರತಿ ಸುತ್ತಿನ ಕೊನೆಗೆ ಒಂದು ಅಂಕೆ ಬರೆಯುತ್ತೇನೆ. ಎಷ್ಟು ಕಷ್ಟ ಅನ್ನಿಸಿತು ಅಂತ ಹೇಳೋಕೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ ಅಳತೆ ಅದು, 6ರಿಂದ 20ರವರೆಗೆ. 6 ಅಂದರೆ ಸುಮ್ಮನೆ ಕೂತ ಹಾಗೆ, 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗದು. ಅಂಕೆಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಮ್ಮಿ ನಿಮಿಷದ ಎದೆಬಡಿತ ಸಿಗಲಿ ಎಂದು 6ರಿಂದ ಶುರು ಮಾಡಿದ್ದಂತೆ. 'ಸತ್ತೇ ಹೋದೆ' ಅನ್ನಿಸಿದ ಆರನೇ ಸುತ್ತಿಗೆ ಪ್ರಾಮಾಣಿಕವಾಗಿ ಅಂಕೆ ಕೊಟ್ಟರೆ 17 ಬರುತ್ತದೆ. ಸತ್ತವನಿಗೆ 17 ಸಿಗಲ್ಲ.

ಈ ಹಟ ಒಮ್ಮೆ ನನಗೇ ತಿರುಗಿಬಿತ್ತು. ಮೀನಖಂಡದಲ್ಲಿ ಒಂದೇ ಜಾಗದಲ್ಲಿ ಚುಚ್ಚುತ್ತಿತ್ತು. ಇದೂ ವಕೀಲನದೇ ನಾಟಕ ಅಂತ ಏಳನೇ ಸುತ್ತೂ ಓಡಿದೆ. ಮೂರು ವಾರ ಮನೆಯಲ್ಲಿ ಕೂತೆ. ಎರಡೂ ಕಾಲಲ್ಲಿ ಹರಡಿಕೊಂಡ ಉರಿ ಬೇರೆ, ಒಂದೇ ಚುಕ್ಕಿಯಲ್ಲಿ ಚುಚ್ಚುವುದು ಬೇರೆ. ಎದೆನೋವು, ತಲೆಸುತ್ತು, ಚುಚ್ಚು ನೋವು ಬಂದರೆ ಯಾವ ನಿಯಮವೂ ಇಲ್ಲ, ಅಲ್ಲೇ ನಿಲ್ಲುವುದು.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ದಿನವಿಡೀ ತಲೆಕೆಡಿಸಿಕೊಂಡು ಕೆಲಸ ಮಾಡಿದ ಸಂಜೆ ಈ ಓಟ ಇಟ್ಟುಕೊಂಡರೆ ವಕೀಲ ನಾಲ್ಕನೇ ಸುತ್ತಿಗೇ ಹಾಜರು. 2009ರಲ್ಲಿ ಮಾರ್ಕೋರಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು 16 ಜನರಿಗೆ 90 ನಿಮಿಷ ಮೆದುಳಿಗೆ ಕೆಲಸ ಕೊಟ್ಟು ಆಮೇಲೆ ಸೈಕಲ್ ತುಳಿಸಿದರು. ತುಳಿದವರು ಮಾಮೂಲಿಗಿಂತ ಬೇಗ ಕೈಚೆಲ್ಲಿದರು. ಹೃದಯದ ಕೆಲಸದಲ್ಲಿ ವ್ಯತ್ಯಾಸ ಇರಲಿಲ್ಲ, ಕಷ್ಟ ಮಾತ್ರ ಜಾಸ್ತಿ ಅನ್ನಿಸಿತ್ತು. ಅದನ್ನು ಓದಿದ ಮೇಲೆ ಈ ಓಟವನ್ನು ಬೆಳಗ್ಗೆಗೆ ಹಾಕಿಕೊಂಡೆ. ಮೇಲೆ ಹೇಳಿದ ಎಲ್ಲಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿತೋ ಏನೋ.

ಕಳೆದ ವಾರ ಆರನೇ ಸುತ್ತಿನ ಮುಂಚೆ ಬಗ್ಗಿ ನೋಡಿದರೆ ಎಡಗಾಲಿನ ಲೇಸು ನೆಲದ ಮೇಲೆ ಎಳೆದಾಡುತ್ತಿತ್ತು. ಕಟ್ಟಿಕೊಂಡು ಓಡಿದೆ. ನೋಟ್‌ಬುಕ್‌ನಲ್ಲಿ ಹೀಗೆ ಬರೆದಿದ್ದೇನೆ: 'ಆರನೆಯದು – 17. ಲೇಸು ಈ ಸಲ ನಿಜಕ್ಕೂ ಬಿಚ್ಚಿತ್ತು.'