ಹೈಬ್ರಿಡ್ ಸೈಕಲ್ಲಿಗೆ ಡ್ರಾಪ್ ಹ್ಯಾಂಡಲ್: ಬ್ರೇಕಿನಿಂದ ಲೆಕ್ಕ ಹಾಕಿದೆ

ಆಷಾಢದಲ್ಲಿ ತುಮಕೂರು ದಾಟಿ ಚಿತ್ರದುರ್ಗದ ಕಡೆ ಸೈಕಲ್ ತುಳಿದವರಿಗೆ ಆ ಎದುರುಗಾಳಿ ಗೊತ್ತಿರುತ್ತದೆ. ನೇರ ಹ್ಯಾಂಡಲ್ಲಿನ ಹೈಬ್ರಿಡ್ (ರೋಡ್ ಮತ್ತು ಮೌಂಟನ್ ಸೈಕಲ್ಲುಗಳ ನಡುವಿನ ಬಗೆ) ಮೇಲೆ ಕೂತರೆ ಅಷ್ಟೂ ಗಾಳಿ ಎದೆಗೇ. ಕೈಗೂ ಬೇರೆ ಹಿಡಿತವಿಲ್ಲ. ಗಂಟೆಗಟ್ಟಲೆ ಅದೇ ಭಂಗಿ. ಅಂಗೈಯ ಹೊರಬದಿಯ ನರ ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದವು. 300 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ, 20 ಗಂಟೆಯ ಗಡುವು. ಅಷ್ಟು ಹೊತ್ತು ಒಂದೇ ಹಿಡಿತದಲ್ಲಿರುವುದು ನನ್ನ ಕೈಗೆ ಆಗುವ ಮಾತಾಗಿರಲಿಲ್ಲ. ಫ್ರೇಮು, ಚಕ್ರ, ಗೇರು ಎಲ್ಲ ಗಟ್ಟಿಮುಟ್ಟಾಗಿದ್ದ ಸೈಕಲ್ ಮಾರಲು ಮನಸ್ಸು ಬರಲಿಲ್ಲ. ನೇರ ಹ್ಯಾಂಡಲ್ ತೆಗೆದು, ರೋಡ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಲು ತೀರ್ಮಾನಿಸಿದೆ.

ನೇರ ಹ್ಯಾಂಡಲ್ಲಿನ ಬ್ರೇಕ್ ಲಿವರುಗಳನ್ನು ಬಿಚ್ಚಿ ಬಾಗಿದ ಹ್ಯಾಂಡಲ್ಲಿಗೆ ತೂರಿಸಲು ಆಗುವುದಿಲ್ಲ. ನೇರ ಹ್ಯಾಂಡಲ್ಲಿನ ಹಿಡಿಯ ಜಾಗದ ದಪ್ಪ 22.2 ಮಿ.ಮೀ., ಡ್ರಾಪ್ ಹ್ಯಾಂಡಲ್ಲಿನದು 23.8. ಆ ಒಂದೂವರೆ ಮಿಲಿಮೀಟರೇ ಲಿವರು, ಗೇರ್ ಬದಲಿಸುವ ಶಿಫ್ಟರುಗಳನ್ನೆಲ್ಲ ಹೊಸದಾಗಿ ಕೊಳ್ಳುವ ಹಾಗೆ ಮಾಡುತ್ತದೆ. ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬ್ರೇಕ್ ಎಂಬುದು ನನ್ನ ಖಚಿತ ಅಭಿಪ್ರಾಯ. ಗೇರ್ ಸರಿಯಾಗಿ ಬೀಳದಿದ್ದರೆ ಕಿರಿಕಿರಿ ಅಷ್ಟೆ. ನಂದಿಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ನನ್ನದು ವಿ-ಬ್ರೇಕ್, ಎರಡು ತೋಳುಗಳು ರಬ್ಬರ್ ಬ್ಲಾಕುಗಳನ್ನು ಎರಡೂ ಕಡೆಯಿಂದ ರಿಮ್ಮಿಗೆ ಒತ್ತುವ ಬಗೆ. ಅದರ ತೋಳುಗಳು ಉದ್ದ, ಹಾಗಾಗಿ ಬ್ಲಾಕು ರಿಮ್ಮನ್ನು ಹಿಡಿಯಬೇಕಾದರೆ ಕೇಬಲ್ ಹೆಚ್ಚು ಸರಿಯಬೇಕು. ಸಾಮಾನ್ಯ ರೋಡ್ ಲಿವರ್ ಅದರ ಸುಮಾರು ಅರ್ಧದಷ್ಟೇ ಕೇಬಲ್ ಎಳೆಯುತ್ತದೆ. ಅಂಥ ಲಿವರ್ ಹಾಕಿದರೆ ಬ್ಲಾಕುಗಳನ್ನು ರಿಮ್ಮಿಗೆ ತಾಗುವಷ್ಟು ಹತ್ತಿರ ಇಡಬೇಕು. ಇಲ್ಲವಾದರೆ ಲಿವರ್ ಹ್ಯಾಂಡಲ್ಲಿಗೆ ಬಡಿದರೂ ಸೈಕಲ್ ಪೂರಾ ನಿಲ್ಲುವುದಿಲ್ಲ. ತೋಳು ಚಿಕ್ಕದಿರುವ ಮಿನಿ ವಿ-ಬ್ರೇಕ್ ಹಾಕುವುದು ಒಂದು ದಾರಿ. ಆದರೆ ಅದರಲ್ಲಿ ಟೈರಿನ ಮೇಲೆ ಜಾಗ ಕಡಿಮೆ. ನನ್ನ 35 ಮಿ.ಮೀ. ಟೈರು, ಅದರ ಮೇಲೆ ಮಡ್‌ಗಾರ್ಡು, ಎರಡೂ ಒಟ್ಟಿಗೆ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ಮಡ್‌ಗಾರ್ಡ್ ಬಿಟ್ಟುಕೊಡುವವನು ನಾನಲ್ಲ. ಟೆಕ್ಟ್ರೋ ಆರ್‌ಎಲ್520 ಎಂಬ ಲಿವರ್ ನೋಡಲು ರೋಡ್ ಸೈಕಲ್ಲಿನದರಂತೆಯೇ ಇದ್ದರೂ ವಿ-ಬ್ರೇಕಿಗೆ ಬೇಕಾದಷ್ಟು ಕೇಬಲ್ ಎಳೆಯುತ್ತದೆ. ಅದನ್ನೇ ತಂದೆ. ಹಳೆಯ ಬ್ರೇಕುಗಳು ಇದ್ದಲ್ಲೇ ಉಳಿದವು.

ಬ್ರೇಕು, ಗೇರು ಒಂದೇ ಲಿವರಿನಲ್ಲಿರುವ ಶಿಮಾನೊ ಕ್ಲಾರಿಸ್ ಮೇಲೆ ನನಗೂ ಆಸೆಯಿತ್ತು. ಅದರ ಬ್ರೇಕ್ ಎಳೆತ ರೋಡ್ ಅಳತೆಯದು, ನನ್ನ ವಿ-ಬ್ರೇಕಿಗೆ ಒಗ್ಗದು. ಹೀಗಾಗಿ ಗೇರಿಗೆ ಹ್ಯಾಂಡಲ್ಲಿನ ಎರಡು ತುದಿಗೆ ಕೂರುವ ಬಾರ್-ಎಂಡ್ ಶಿಫ್ಟರ್ ಆರಿಸಿದೆ. ಇದರಲ್ಲಿ ಇನ್ನೊಂದು ಅನುಕೂಲವೂ ಸಿಕ್ಕಿತು. ನನ್ನದು ಮುಂದೆ 3, ಹಿಂದೆ 8 ಗೇರಿನ ಸೈಕಲ್. ಶಿಮಾನೊದ 8 ಮತ್ತು 9 ಸ್ಪೀಡಿನಲ್ಲಿ ರೋಡ್ ಮತ್ತು ಮೌಂಟನ್ ಸೈಕಲ್ಲುಗಳ ಹಿಂದಿನ ಡಿರೈಲರಿಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಂದೇ ಅಳತೆಯ ಎಳೆತ. ಮೌಂಟನ್ ಸೈಕಲ್ಲಿನ ಲೆಕ್ಕ ಬೇರೆಯಾದದ್ದು 10 ಸ್ಪೀಡಿನಿಂದ. ಆದ್ದರಿಂದ ಹಿಂದಿನ ಗೇರುಗಳು ಟಕಟಕ ಬಿದ್ದವು. ಮುಂದಿನ ಡಿರೈಲರಿನ ಎಳೆತ ಮಾತ್ರ ರೋಡಿಗೂ ಮೌಂಟನ್ನಿಗೂ ಬೇರೆ. ಆದರೆ ಎಡಗಡೆಯ ಬಾರ್-ಎಂಡ್ ಫ್ರಿಕ್ಷನ್ ಬಗೆಯದು. ಅದರಲ್ಲಿ ಕ್ಲಿಕ್ ಇಲ್ಲ, ಬೇಕಾದಷ್ಟು ಎಳೆದು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಯಾವ ಡಿರೈಲರ್ ಇದ್ದರೂ ಅದಕ್ಕೆ ಚಿಂತೆಯಿಲ್ಲ. ಚೈನು ಉಜ್ಜುವ ಸದ್ದು ಬಂದರೆ ಕೂದಲೆಳೆಯಷ್ಟು ಸರಿಸಿದರೆ ಸಾಕು.

ಇನ್ನು ಚಾಚುವಿಕೆ. ಹೈಬ್ರಿಡ್ ಫ್ರೇಮಿನ ಮೇಲಿನ ಕೊಳವೆ ರೋಡ್ ಸೈಕಲ್ಲಿನದಕ್ಕಿಂತ ಉದ್ದವಿರುತ್ತದೆ, ಡ್ರಾಪ್ ಹ್ಯಾಂಡಲ್ ಕೈಗಳನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಮುಂಚಾಚು 70 ಮಿ.ಮೀ. ಇರುವ ಕಾಂಪ್ಯಾಕ್ಟ್ ಹ್ಯಾಂಡಲ್ ತಂದು, ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ 100 ಮಿ.ಮೀ. ಸ್ಟೆಮ್ ತೆಗೆದು 60ರದ್ದು ಹಾಕಿದೆ. ಹೇಗೂ ಹಳೆಯ ಸ್ಟೆಮ್ಮಿನ ಹಿಡಿತ 25.4, ಹೊಸ ಹ್ಯಾಂಡಲ್ಲಿನ ನಡುಭಾಗ 31.8, ಬದಲಿಸಲೇಬೇಕಿತ್ತು. ಇನ್ನೂ ಗಿಡ್ಡ ಸ್ಟೆಮ್ ಬೇಕಾಗುತ್ತದೆ ಎನಿಸಿದರೆ ಆ ಫ್ರೇಮು ಈ ಕೆಲಸಕ್ಕೆ ತಕ್ಕದ್ದಲ್ಲ ಎಂದೇ ತಿಳಿಯಿರಿ.

ಜೋಡಣೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಲಿವರುಗಳ ಜಾಗ ಗೊತ್ತುಮಾಡುವುದು. ಟೇಪ್ ಸುತ್ತುವ ಮೊದಲು ಲಿವರುಗಳನ್ನು ಅರೆಬಿಗಿ ಮಾಡಿ, ಸೈಕಲ್ಲನ್ನು ಗೋಡೆಗೆ ಒರಗಿಸಿ ಕೂತು, ಮೇಲೆ ಕೆಳಗೆ ಸರಿಸುತ್ತ ಹೋದೆ. ಮೊಣಕೈ ಸ್ವಲ್ಪ ಬಾಗಿ, ಮಣಿಕಟ್ಟು ನೇರವಾಗಿ ನಿಂತ ಕಡೆ ಬಿಗಿ ಮಾಡಿದೆ. ಕೇಬಲಿನ ಹೊರಕವಚವಾದ ಔಟರುಗಳನ್ನು ಹುರಿಹಗ್ಗದಿಂದ ಅಳೆದು ಕತ್ತರಿಸಿದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಎಲ್ಲೂ ಜಗ್ಗಬಾರದು. ಬ್ರೇಕಿಗೆ 5 ಮಿ.ಮೀ.ನ ಸುರುಳಿ ತಂತಿಯ ಔಟರ್, ಗೇರಿಗೆ 4 ಮಿ.ಮೀ.ನದು. ಗೇರಿನ ಔಟರನ್ನು ಬ್ರೇಕಿಗೆ ಹಾಕಲೇಬಾರದು, ಜೋರಾಗಿ ಹಿಡಿದಾಗ ಸೀಳಿಕೊಳ್ಳುತ್ತದೆ. ಡ್ರಾಪ್ ಲಿವರಿಗೆ ಬೇಕಾದ ಬ್ರೇಕ್ ಕೇಬಲಿನ ತಲೆ ಪೇರಳೆ ಆಕಾರದ್ದು, ನೇರ ಹ್ಯಾಂಡಲ್ಲಿನ ಕೇಬಲಿಗೆ ಉರುಳೆಯಂಥ ತಲೆ. ಅಂಗಡಿಯಲ್ಲಿ ನೋಡಿ ತೆಗೆದುಕೊಳ್ಳಿ. ಬಾರ್-ಎಂಡ್ ಒಳಗಿನ ಬೋಲ್ಟು ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಬಗೆಯದು. ಬಲಕ್ಕೆ ತಿರುಗಿಸುತ್ತ ಕೂತರೆ ಅದು ಎಂದೂ ನಿಲ್ಲುವುದಿಲ್ಲ. ಸ್ಟೆಮ್ ಬದಲಿಸುವಾಗ ಮೊದಲು ಮೇಲಿನ ಟೋಪಿಯ ಬೋಲ್ಟಿನಿಂದ ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗಿನ) ಸಡಿಲಾಟ ತೆಗೆದು, ಆಮೇಲೆ ಪಕ್ಕದ ಬೋಲ್ಟುಗಳನ್ನು ಸ್ಟೆಮ್ಮಿನ ಮೇಲೆ ಬರೆದ ಬಿಗಿತದ ಅಳತೆಗೆ ಬಿಗಿಯಬೇಕು.

ಈಗ ಗಾಳಿ ಎದ್ದಾಗ ಕೆಳಗಿನ ಬಾಗಿಗೆ ಕೈ ಇಳಿಸುತ್ತೇನೆ, ಏರಿನಲ್ಲಿ ಮೇಲಿನ ಅಡ್ಡಪಟ್ಟಿ ಹಿಡಿಯುತ್ತೇನೆ, ಉಳಿದ ಹೊತ್ತು ಲಿವರಿನ ರಬ್ಬರಿನ ಮೇಲೆ. ಬೆರಳಿನ ಜೋಮು ಹೋಯಿತು. ಕಿಕ್ಕಿರಿದ ರಸ್ತೆಯಲ್ಲಿ ಗೇರ್ ಬದಲಿಸಲು ಕೈಯನ್ನು ಹ್ಯಾಂಡಲ್ಲಿನ ತುದಿಗೆ ಒಯ್ಯಬೇಕು ಎಂಬುದೊಂದು ಕೊರತೆ. ಹೆದ್ದಾರಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಕೇಬಲ್ ಡಿಸ್ಕ್ ಬ್ರೇಕಿನ ಸೈಕಲ್ ಇದ್ದವರು ಕ್ಯಾಲಿಪರ್ ರೋಡ್ ಎಳೆತದ್ದೋ ಮೌಂಟನ್ ಎಳೆತದ್ದೋ ನೋಡಿಕೊಳ್ಳಿ, ಎರಡೂ ಸಿಗುತ್ತವೆ. ಆಯಿಲ್ ಡಿಸ್ಕ್ ಇದ್ದರೆ ಖರ್ಚು ತುಂಬ ಏರುತ್ತದೆ. ಆಗ ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ಹುಡುಕುವುದೇ ಮೇಲು.