ಬೈಕಾರ್ಬೊನೇಟ್ ತೆಗೆದರೆ ಎಲೆಕ್ಟ್ರಾನ್ ಎಲ್ಲಿ ನಿಲ್ಲುತ್ತದೆ? ನನ್ನ ಅನುಭವ

ದ್ಯುತಿಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನ್ ಸಾಗಲು ಬೈಕಾರ್ಬೊನೇಟ್ ಬೇಕೇ ಎಂದು ನೋಡುವ ಪ್ರಯೋಗವನ್ನು ಮೊದಲ ಸಲ ಮಾಡಿದಾಗ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬೈಕಾರ್ಬೊನೇಟ್ ತೆಗೆದ ಥೈಲಕಾಯ್ಡ್ (ಎಲೆಯ ಕ್ಲೋರೋಪ್ಲಾಸ್ಟ್ ಒಳಗಿನ, ಬೆಳಕು ಹೀರುವ ಪೊರೆ), ತೆಗೆಯದ ಥೈಲಕಾಯ್ಡ್, ಎರಡೂ ಒಂದೇ ವೇಗದಲ್ಲಿ ಡಿಸಿಪಿಐಪಿಯ (ಎಲೆಕ್ಟ್ರಾನ್ ಸಿಕ್ಕರೆ ಬಣ್ಣ ಕಳೆದುಕೊಳ್ಳುವ ಒಂದು ಬಣ್ಣದ್ರವ್ಯ) ನೀಲಿ ಬಣ್ಣ ಕಳೆದವು. ತಪ್ಪು ಬಫರ್‌ನಲ್ಲಿತ್ತು, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣದಲ್ಲಿ. ಗಾಳಿಯಲ್ಲಿರುವ ಸುಮಾರು 0.04 ಶೇಕಡಾ ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಕರಗಿತ್ತು. ನಾನು ತೆಗೆದದ್ದನ್ನು ಅದು ಮತ್ತೆ ತುಂಬಿಕೊಡುತ್ತಿತ್ತು.

ಆಮೇಲೆ ಹೀಗೆ ಮಾಡಿದೆ. ಪಾಲಕ್ ಎಲೆಯನ್ನು ತಣ್ಣಗಿನ ಬಫರ್‌ನಲ್ಲಿ ಅರೆದು, ಸೋಸಿ, ಸೆಂಟ್ರಿಫ್ಯೂಜ್ ಮಾಡಿ ಥೈಲಕಾಯ್ಡ್ ತೆಗೆದುಕೊಂಡೆ. ಇದರಲ್ಲಿ ಹೊಸದೇನೂ ಇಲ್ಲ. ಮುಖ್ಯವಾದದ್ದು ಮುಂದಿನ ಹೆಜ್ಜೆ: 100 ಮಿಲಿಮೋಲಾರ್ ಸೋಡಿಯಂ ಫಾರ್ಮೇಟ್ ಇರುವ, ಪಿಎಚ್ 6ರ ಆಸುಪಾಸಿನ ಬಫರ್‌ನಲ್ಲಿ ಕತ್ತಲಲ್ಲಿ ಇಡಬೇಕು. ಬಫರ್‌ಗೆ ಮೊದಲೇ ನೈಟ್ರೋಜನ್ ಹಾಯಿಸಿ ಕಾರ್ಬನ್ ಡೈಆಕ್ಸೈಡ್ ಓಡಿಸಿರಬೇಕು. ಪಿಎಚ್ ಯಾಕೆ ಕಡಿಮೆ? ಸುಮಾರು 6.4ಕ್ಕಿಂತ ಕೆಳಗೆ ಬೈಕಾರ್ಬೊನೇಟ್‌ನ ಹೆಚ್ಚು ಪಾಲು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಿಬಿಡುತ್ತದೆ. ಖಾಲಿಯಾದ ಜಾಗದಲ್ಲಿ ಫಾರ್ಮೇಟ್ ಕೂರುತ್ತದೆ.

ಈ ಸಲ ವೇಗ ಚೆನ್ನಾಗಿ ಕುಸಿಯಿತು. 10 ಮಿಲಿಮೋಲಾರ್ ಬೈಕಾರ್ಬೊನೇಟ್ ಹಾಕಿದೆ, ಮತ್ತೆ ಏರಿತು. ಖುಷಿಯಾಯಿತು, ಆದರೆ ನಂಬಲಿಲ್ಲ. ಬೈಕಾರ್ಬೊನೇಟ್ ಹಾಕಿದರೆ ಪಿಎಚ್ ಮೇಲೇರುತ್ತದೆ ಅಲ್ವಾ? ಈ ವ್ಯಾಪ್ತಿಯಲ್ಲಿ ಡಿಸಿಪಿಐಪಿಯ ಬಣ್ಣವೇ ಪಿಎಚ್ ಜೊತೆ ಬದಲಾಗುತ್ತದೆ. 600 ನ್ಯಾನೋಮೀಟರ್‌ನಲ್ಲಿ ಓದಿದ ಅಂಕಿ ಎಲೆಕ್ಟ್ರಾನ್‌ನದ್ದೋ, ಪಿಎಚ್‌ನದ್ದೋ? ಹಾಗಾಗಿ ಬಫರ್‌ನ ಬಲ ಹೆಚ್ಚಿಸಿದೆ. ಹಾಕಿದ ಮೇಲೂ ಪಿಎಚ್ ಅಳೆದೆ. ಅಷ್ಟೇ ಸೋಡಿಯಂ ಕ್ಲೋರೈಡ್ ಹಾಕಿದ ಒಂದು ಕ್ಯುವೆಟ್ಟನ್ನೂ ಪಕ್ಕಕ್ಕಿಟ್ಟೆ. ಉಪ್ಪಿನಿಂದ ವೇಗ ಏರಲಿಲ್ಲ, ಬೈಕಾರ್ಬೊನೇಟ್‌ನಿಂದ ಮಾತ್ರ ಏರಿತು. ಆಗ ನಂಬಿಕೆ ಬಂತು. ಬೈಕಾರ್ಬೊನೇಟ್ ದ್ರಾವಣವನ್ನು ಮಾತ್ರ ಅವತ್ತೇ ಹೊಸದಾಗಿ ಮಾಡಿಕೊಳ್ಳಿ. ತೆರೆದಿಟ್ಟರೆ ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಅದರ ಪಿಎಚ್ ಏರುತ್ತಾ ಹೋಗುತ್ತದೆ.

ಒಟ್ಟೊ ವಾರ್‌ಬರ್ಗ್ ಮತ್ತು ಗುಂಟರ್ ಕ್ರಿಪ್ಪಾಲ್ 1958ರಲ್ಲೇ ಹಿಲ್ ಕ್ರಿಯೆಗೆ (ಬೆಳಕಿನಲ್ಲಿ ನೀರಿನ ಎಲೆಕ್ಟ್ರಾನ್ ಹೊರಗಿನ ಸ್ವೀಕಾರಕಕ್ಕೆ ಹೋಗಿ ಆಮ್ಲಜನಕ ಹೊರಬರುವ ಕ್ರಿಯೆಗೆ) ಕಾರ್ಬನ್ ಡೈಆಕ್ಸೈಡ್ ಬೇಕೆಂದು ಕಂಡಿದ್ದರು. ಆಮ್ಲಜನಕ ಅದರಿಂದಲೇ ಬರುತ್ತದೆ ಎಂದು ವಾರ್‌ಬರ್ಗ್ ಅರ್ಥ ಮಾಡಿಕೊಂಡರು. ಕಂಡದ್ದು ನಿಜ, ವಿವರಣೆ ತಪ್ಪು. ಆಮ್ಲಜನಕ ನೀರಿನಿಂದಲೇ ಬರುತ್ತದೆ. 1975ರಲ್ಲಿ ವಿಡ್ರ್ಜಿನ್‌ಸ್ಕಿ ಮತ್ತು ಗೋವಿಂದಜೀ ಕ್ಲೋರೋಫಿಲ್‌ನ ಫ್ಲೋರೆಸೆನ್ಸ್ ಅಳೆದು, ತಡೆ ಇರುವುದು ಬೆಳಕು ಹೀರಿ ನೀರು ಒಡೆಯುವ ಪ್ರೋಟೀನ್ ಸಂಕೀರ್ಣವಾದ ಫೋಟೋಸಿಸ್ಟಂ 2ರ ಇನ್ನೊಂದು ಬದಿಯಲ್ಲಿ, ನೀರು ಒಡೆಯುವ ಕಡೆಯಲ್ಲ, ಎಲೆಕ್ಟ್ರಾನ್ ಸ್ವೀಕರಿಸುವ ಕಡೆ ಎಂದು ತೋರಿಸಿದರು. ಅಲ್ಲಿ ಕ್ಯೂಎ ಮತ್ತು ಕ್ಯೂಬಿ ಎಂಬ ಎರಡು ಕ್ವಿನೋನ್‌ಗಳ ನಡುವೆ ಒಂದು ಕಬ್ಬಿಣದ ಅಯಾನ್ ಇದೆ. ಅದಕ್ಕೆ ಬೈಕಾರ್ಬೊನೇಟ್ ಅಂಟಿಕೊಂಡಿರುತ್ತದೆ. ಕ್ಯೂಬಿಗೆ ಎಲೆಕ್ಟ್ರಾನ್ ದಾಟಲು, ಪ್ರೋಟಾನ್ ಸೇರಲು ಅದು ನೆರವಾಗುತ್ತದೆ.

ಇದನ್ನು ಕಣ್ಣಾರೆ ನೋಡುವ ಆಸೆಯಿತ್ತು. ಆಮ್ಲಜನಕ ಎಲೆಕ್ಟ್ರೋಡ್ ಹಚ್ಚಿ, ಡಿಸಿಎಂಯು ಎಂಬ ಕಳೆನಾಶಕ ಹಾಕಿ ಕ್ಯೂಬಿಯ ದಾರಿ ಮುಚ್ಚಿದೆ. ಕ್ಯೂಎಯಿಂದಲೇ ಎಲೆಕ್ಟ್ರಾನ್ ಎಳೆದುಕೊಳ್ಳುವ ಸಿಲಿಕೊಮಾಲಿಬ್ಡೇಟ್ ಸೇರಿಸಿದೆ. ಫಾರ್ಮೇಟ್‌ನಲ್ಲಿ ಇಟ್ಟಿದ್ದ ಥೈಲಕಾಯ್ಡ್ ಕೂಡ ಸಲೀಸಾಗಿ ಆಮ್ಲಜನಕ ಬಿಟ್ಟಿತು. ಬೈಕಾರ್ಬೊನೇಟ್ ಹಾಕಿದರೂ ಎಲೆಕ್ಟ್ರೋಡ್ ತೋರಿಸುವ ಆಮ್ಲಜನಕದ ಗೆರೆಯ ಓಟ ಹೆಚ್ಚೇನೂ ಬದಲಾಗಲಿಲ್ಲ. ನೀರು ಒಡೆಯುವ ಕಡೆ ಸರಿಯಾಗಿಯೇ ಇತ್ತು. ಎಲೆಕ್ಟ್ರಾನ್ ನಿಂತದ್ದು ಕ್ಯೂಎ ದಾಟಿದ ಮೇಲೆ.